ಹೆಬ್ಬೆರಳು ಆರಿಸಿದ ಪಂಪು

ಶಿವಾಜಿನಗರದ ಅಂಗಡಿಯಲ್ಲಿ ಅಷ್ಟು ಜನರ ಮುಂದೆ "ಅಯ್ಯಯ್ಯೋ!" ಎಂದು ಕೂಗಿಬಿಟ್ಟೆ. ಕರಗಿದ ಬೆಸುಗೆ ಹೀರುವ ಪಂಪು ನನ್ನ ಹೆಬ್ಬೆರಳನ್ನೇ ಎಳೆದು ಹಿಡಿದಿತ್ತು.

ಮೊಮ್ಮಗಳು ತಾನೇ ಜೋಡಿಸಿದ ಕಂಪ್ಯೂಟರ್ ಕೀಬೋರ್ಡಿನ ಕೆಟ್ಟ ಸ್ವಿಚ್ಚುಗಳನ್ನು ಬೆಸುಗೆ ಕರಗಿಸಿ ಬಿಚ್ಚಬೇಕಿತ್ತು. ಹಳೆಯ ಪಂಪು ಸರಿಯಾಗಿ ಹೀರದೆ, ಮತ್ತೆ ಮತ್ತೆ ಕಾಯಿಸಿ, ಸ್ವಿಚ್ಚುಗಳು ಕೂರುವ ಒಂದು ಬೋರ್ಡು ಆಗಲೇ ಸುಟ್ಟು ಹಾಳಾಗಿತ್ತು. ಉಳಿದದ್ದು ಈ ಕೀಬೋರ್ಡಿನ ಬೋರ್ಡೊಂದೇ. ಅಂಗಡಿಯವರು ಕೆಲವು ಪಂಪುಗಳನ್ನು ಮುಂದಿಟ್ಟು, "ಮೂತಿಗೆ ಬೆರಳಿಟ್ಟು ಗುಂಡಿ ಒತ್ತಿ ನೋಡಿ" ಎಂದಿದ್ದರು. ಅವಳು ಒತ್ತಿದಳು, ನಾನು ಬೆರಳಿಟ್ಟೆ. ಉಳಿದವು ಬರೀ ಟಕ್ ಎಂದಿದ್ದವು.

"ಇದೇ ಕೊಡಿ ಭಾಯ್, ಅಜ್ಜಿ ಪಾಸ್ ಮಾಡಿದ್ರು!" ಎಂದಳು ಮೊಮ್ಮಗಳು.

"ಪಂಪು ತಗೊಂಡ್ಹೋಗಮ್ಮಾ, ಅಜ್ಜಿ ಬೆರಳು ಬಿಡಿಸ್ಕೊಂಡು" ಎಂದು ಅವರು ನಕ್ಕರು.

ಅಂದು ಸಂಜೆ ಸ್ವಿಚ್ಚುಗಳೆಲ್ಲ ಸಲೀಸಾಗಿ ಬಂದವು, ಬೋರ್ಡು ಉಳಿಯಿತು. ಜನರೆಂದರೆ ಸಂಕೋಚಪಡುವ ನಾನು, ಈಗ ಅವಳು ಯಾವ ಅಂಗಡಿಗೆ ಹೊರಟರೂ ಮೊದಲೇ ಚಪ್ಪಲಿ ಮೆಟ್ಟಿ ನಿಂತಿರುತ್ತೇನೆ.