ಒದ್ದೆ ಟವೆಲುಗಳ ಯುದ್ಧ

ಗಡ್ಡ ತೆಗೆಯುವವನಿಗೇ ಗಡ್ಡ ಬೆಳೆದರೆ ಜನ ಸುಮ್ಮನೆ ಬಿಡುತ್ತಾರೆಯೇ? "ಏನಪ್ಪಾ ಸೇನಾಪತಿ, ನಿನ್ನ ಅಂಗಡೀಲಿ ನಿನಗೇ ಕುರ್ಚಿ ಸಿಗಲಿಲ್ವಾ?" ಎಂದು ದಿನಕ್ಕೊಬ್ಬರಾದರೂ ಕೇಳುತ್ತಾರೆ. ಆತ ನಗುತ್ತಾನೆ, ಕೇಳಿದವರ ಕುತ್ತಿಗೆಗೆ ಬಟ್ಟೆ ಸುತ್ತುತ್ತಾನೆ, ಬಟ್ಟಲಲ್ಲಿ ಬ್ರಷ್ಷು ತಿರುವಿ ನೊರೆ ಎಬ್ಬಿಸುತ್ತಾನೆ. ಗಡ್ಡ ಎದೆಗೆ ಇಳಿದಿದೆ. ಕೆಲಸಕ್ಕೆ ಅಡ್ಡ ಬರದಿರಲೆಂದು ಅದರ ತುದಿಯನ್ನು ಅಂಗಿಯ ಗುಂಡಿಗಳ ನಡುವೆ ತೂರಿಸಿಕೊಂಡಿರುತ್ತಾನೆ. ಹೊಸಬರಿಗೆ ತಮಾಷೆ. ಗೊತ್ತಿದ್ದವರು ಕೇಳುವುದಿಲ್ಲ.

ಅಪ್ಪ ಬಿಟ್ಟುಹೋದ ಎರಡು ಕುರ್ಚಿಯ ಅಂಗಡಿ ಅದು. ಒಂದರ ಹಿಂದೆ ಅಣ್ಣ, ಇನ್ನೊಂದರ ಹಿಂದೆ ತಮ್ಮ. ಮೂಲೆಗಳೆಲ್ಲ ಕಪ್ಪಾದ ಹಳೇ ಕನ್ನಡಿ, ಅದರ ಕೆಳಗೊಂದು ಹಲಗೆ, ಹಲಗೆಯ ಮೇಲೆ ಪಟಿಕದ ತುಂಡು, ಕತ್ತರಿಗಳು, ಮೊಳೆಗೆ ತೂಗುಹಾಕಿದ ಕತ್ತಿ ಮಸೆಯುವ ಚರ್ಮದ ಪಟ್ಟಿ. ಹೊರಗೆ, ಕಿಟಕಿಯಿಂದ ದೀಪದ ಕಂಬದವರೆಗೆ, ಟವೆಲು ಒಣಗಿಸುವ ತಂತಿ. ಅಣ್ಣ ಮಾತುಗಾರ, ತಮ್ಮ ಕೆಲಸಗಾರ. ಅಣ್ಣ ಹೇಳಿದ್ದಕ್ಕೆಲ್ಲ ತಮ್ಮ "ಹೂಂ ಅಣ್ಣ" ಅನ್ನುತ್ತಿದ್ದ, ಆಮೇಲೆ ತನಗೆ ಸರಿ ಕಂಡಂತೆ ಮಾಡುತ್ತಿದ್ದ. ಇಬ್ಬರಿಗೂ ಅದು ಒಗ್ಗಿಹೋಗಿತ್ತು.

ಅವರದೊಂದು ಪದ್ಧತಿ ಇತ್ತು. ದಿನ ಬಿಟ್ಟು ದಿನ, ಸಂಜೆ ಕೊನೆಯ ಗಿರಾಕಿ ಹೋದ ಮೇಲೆ, ಬಾಗಿಲನ್ನು ಅರ್ಧ ಎಳೆದುಕೊಂಡು ಅಣ್ಣ ತಮ್ಮನ ಗಡ್ಡ ಮಾಡುತ್ತಿದ್ದ. ಅದು ಮುಗಿದ ಮೇಲೆ ಅಣ್ಣ ಕೂರುತ್ತಿದ್ದ, ತಮ್ಮ ಮಾಡುತ್ತಿದ್ದ. ಮೊದಲ ಮೀಸೆ ಚಿಗುರಿದಂದಿನಿಂದ ಇದೇ ಕ್ರಮ. ಬೇರೆ ಯಾರ ಕತ್ತಿಯೂ ಆ ಎರಡು ಮುಖಗಳನ್ನು ಮುಟ್ಟಿರಲಿಲ್ಲ. ತಮ್ಮನ ದವಡೆಯ ಕೆಳಗೆ, ಎಡಗಡೆ, ಕೂದಲಿಗೊಂದು ಸುಳಿ. ಅಲ್ಲಿ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದು, ಕತ್ತಿಯನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಬೇಕು, ತಪ್ಪಿದರೆ ರಕ್ತ. "ಈ ಸುಳಿ ಇರೋವರೆಗೆ ನೀನು ನನ್ನ ಬಿಟ್ಟು ಎಲ್ಲಿಗೂ ಹೋಗೋ ಹಾಗಿಲ್ಲ ಕಣೋ," ಎಂದು ಅಣ್ಣ ರೇಗಿಸುತ್ತಿದ್ದ.

ಇಂಥ ಅಂಗಡಿಗೆ ಯುದ್ಧ ತಂದವರು ತರಬೇತಿ ಮೇಷ್ಟ್ರು. ಕಂಪನಿಗಳ ಮಾರಾಟಗಾರರಿಗೆ ಪ್ರಾಚೀನ ಚೀನಾದ ಯುದ್ಧತಂತ್ರ ಹೇಳಿಕೊಡುವುದು ಅವರ ಕಸುಬು. ಸೋಪು ಮಾರುವವನಿಗೂ ಹಳೇ ಚೀನೀ ಸೇನಾನಿಗಳ ಬುದ್ಧಿ ಬೇಕಂತೆ. ಇರಲಿ, ಕಾಲ ಹಾಗಿದೆ. ಪಾಠವಿದ್ದ ಬೆಳಿಗ್ಗೆ ಅವರು ಶೇವಿಂಗಿಗೆ ಬಂದು, ಅಂದಿನ ಭಾಷಣವನ್ನು ಕನ್ನಡಿಗೆ ಒಪ್ಪಿಸುತ್ತಿದ್ದರು. ಕತ್ತಿ ಗಂಟಲ ಮೇಲಿರುವಾಗ ಮಾತ್ರ ಮೌನ. ಕತ್ತಿ ಎತ್ತಿದೊಡನೆ, ಅರ್ಧಕ್ಕೆ ನಿಂತ ವಾಕ್ಯ ಅಲ್ಲಿಂದಲೇ ಹೊರಡುತ್ತಿತ್ತು. ಸೈನಿಕರೇ ಇಲ್ಲದ ಕೋಟೆಯಲ್ಲಿ ಸಿಕ್ಕಿಬಿದ್ದ ಸೇನಾನಿಯೊಬ್ಬ ಬಾಗಿಲುಗಳನ್ನೆಲ್ಲ ಹಾರುಹೊಡೆದು, ಗೋಡೆಯ ಮೇಲೆ ಕೂತು ನೆಮ್ಮದಿಯಾಗಿ ವಾದ್ಯ ನುಡಿಸಿದನಂತೆ. ದಂಡೆತ್ತಿ ಬಂದವರು, ಒಳಗೇನೋ ಹೊಂಚಿದೆ ಎಂದು ಹೆದರಿ ಬಂದ ದಾರಿ ಹಿಡಿದರಂತೆ. ಖಾಲಿ ಕೋಟೆಯ ಈ ಕಥೆ ಕೇಳಿದ ದಿನ ಅಣ್ಣ ಒಂದು ಕಿವಿಯ ಬಳಿ ನೊರೆ ಒರೆಸುವುದನ್ನೇ ಮರೆತಿದ್ದ. ಮೇಷ್ಟ್ರು ಹಾಗೆಯೇ ಪಾಠಕ್ಕೆ ಹೋಗಿದ್ದರು.

ಆ ಕಥೆ ಬೇಗನೆ ಕೆಲಸಕ್ಕೆ ಬಂತು. ಬೀದಿಯ ಎದುರು ಬದಿಗೆ ಗಾಜಿನ ಮುಂಭಾಗದ ದೊಡ್ಡ ಸಲೂನು ಬಂತು. ತಿರುಗುವ ಕುರ್ಚಿಗಳು, ಗೋಡೆ ತುಂಬ ಕನ್ನಡಿ, ತಣ್ಣಗಿನ ಗಾಳಿ. ಅಣ್ಣತಮ್ಮಂದಿರ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಆಗ ಅಣ್ಣನಿಗೆ ಹೊಳೆದದ್ದು ಟವೆಲು. ಕ್ಷೌರದಂಗಡಿಯ ವ್ಯಾಪಾರ ತಿಳಿಯಲು ಒಳಗೆ ಇಣುಕಬೇಕಿಲ್ಲ, ತಂತಿ ನೋಡಿದರೆ ಸಾಕು. ಬೀರುವಿನಲ್ಲಿದ್ದ ಒಗೆದ ಟವೆಲುಗಳನ್ನು ಇಬ್ಬರೂ ಸೇರಿ ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ತಂತಿಯ ತುಂಬ ಹರವಿದರು. ಬಾಗಿಲು ಹಾರುಹೊಡೆದು, ರೇಡಿಯೋ ಜೋರು ಮಾಡಿ, ಖಾಲಿ ಅಂಗಡಿಯಲ್ಲಿ ಕೂತು ದೊಡ್ಡದಾಗಿ ನಕ್ಕರು. ಮೊದಮೊದಲು ನಗು ನಟನೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಿಜವಾಗಿಯೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟೊಂದು ಜನ ಹೋಗುವ ಕಡೆ ಏನೋ ಇರಬೇಕೆಂದು ಗಿರಾಕಿಗಳು ಮರಳಿದರು. ವರ್ಷ ತುಂಬುವಷ್ಟರಲ್ಲಿ ಗಾಜಿನ ಸಲೂನು ಬಾಗಿಲು ಹಾಕಿತು. ಅಣ್ಣನಿಗೆ ಸೇನಾಪತಿ ಎಂಬ ಹೆಸರು ಬಂದದ್ದು ಆಗ. ಆತ ಅದನ್ನು ತಲೆಗೇರಿಸಿಕೊಂಡ.

ಆ ಗಲಾಟೆಯ ನಡುವೆ ಅಣ್ಣ ಇನ್ನೊಂದು ಕೆಲಸ ಮಾಡಿದ್ದ. ಶತ್ರುವಿನ ಬಲ ತಿಳಿಯಬೇಕೆಂದು ತಮ್ಮನನ್ನೇ ಎದುರು ಸಲೂನಿಗೆ ಬೇಹಿಗೆ ಕಳಿಸಿದ್ದ. ತಮ್ಮ ಕೂದಲು ಕತ್ತರಿಸಿಕೊಂಡು ಬಂದು, ಕಂಡದ್ದನ್ನು ಕಂಡಹಾಗೆ ಹೇಳಿದ: "ಕೆಲಸ ಚೆನ್ನಾಗಿದೆ ಅಣ್ಣ. ನಾವೂ ಕನ್ನಡಿ ಬದಲಾಯಿಸ್ಬೇಕು." ಅಣ್ಣನ ಹೊಟ್ಟೆಯಲ್ಲಿ ಅಂದೇ ಒಂದು ಮುಳ್ಳು ಕೂತಿತು. ಸಲೂನು ಖಾಲಿಯಾದ ಮೇಲೆ ತಮ್ಮ, "ಆ ಜಾಗ ನಾವೇ ಹಿಡಿಯೋಣ. ಕನ್ನಡಿ, ಕುರ್ಚಿ ಎಲ್ಲ ಅಲ್ಲೇ ಇದೆ" ಎಂದಾಗ ಮುಳ್ಳು ಮಾತಾಡಿತು.

"ಯಾವಾಗಿಂದ ನಡೀತಿದೆ ಇದು? ಬೇಹಿಗೆ ಕಳಿಸಿದ್ರೆ ಅವರ ಕಡೆಯೇ ಆಗ್ಬಿಟ್ಯಾ?"

"ಏನ್ ಅಣ್ಣ ಇದು? ನೀನೇ ಕಳಿಸಿದ್ದಲ್ವಾ?"

"ಎರಡೂ ಕಡೆ ಸುದ್ದಿ ಮುಟ್ಟಿಸೋ ಗೂಢಚಾರರು ಇರ್ತಾರೆ. ಮೇಷ್ಟ್ರು ಹೇಳಿದಾರೆ."

"ನಾನು ಗೂಢಚಾರ ಅಲ್ಲ, ನಿನ್ನ ತಮ್ಮ," ಎಂದು ಅವನು ಕತ್ತರಿ ಕೆಳಗಿಟ್ಟ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಇವರು ಕೂದಲು ನರೆಯುವವರೆಗೆ ಒಟ್ಟಿಗಿದ್ದು, ಒಂದು ಮಧ್ಯಾಹ್ನದಲ್ಲಿ ದಾಯಾದಿಗಳಾದರು. ತಮ್ಮ ಎದುರಿನ ಜಾಗ ಹಿಡಿದು ಅಲ್ಲಿ ತನ್ನದೇ ಅಂಗಡಿ ಇಟ್ಟ.

ಆಮೇಲೆ ನಡೆದ ಯುದ್ಧವನ್ನು ನೋಡಿ ಬೀದಿಗೆ ಬೀದಿಯೇ ನಕ್ಕಿತು. ಇವನು ಬೇಗ ಬಾಗಿಲು ತೆಗೆದರೆ ಅವನು ಇನ್ನೂ ಬೇಗ. ಅವನು ಬೆಂಚು ಹಾಕಿದರೆ ಇವನು ಬೆಂಚಿಗೆ ದಿಂಬು. ಎರಡೂ ತಂತಿಗಳ ಮೇಲೆ ಒದ್ದೆ ಟವೆಲುಗಳ ಸಾಲು. ಯಾವುದು ಗಿರಾಕಿಯದು, ಯಾವುದು ಬಕೆಟ್ಟಿನದು ಎಂದು ದೇವರಿಗೇ ಗೊತ್ತು. ಅಣ್ಣನ ಹೆಂಡತಿ ಮಾತ್ರ ನಗಲಿಲ್ಲ. "ನಿಮ್ಮ ಚೀನಾದೋರಿಗೆ ತಮ್ಮಂದಿರೇ ಇರಲಿಲ್ವೇನ್ರೀ?" ಎಂದು ತಟ್ಟೆ ಕುಕ್ಕುತ್ತಿದ್ದಳು. ಸಂಜೆ ಬಾಗಿಲು ಅರ್ಧ ಎಳೆದುಕೊಂಡು ಅಣ್ಣ ತನ್ನ ಗಡ್ಡ ತಾನೇ ಮಾಡಿಕೊಳ್ಳುತ್ತಿದ್ದ. ಎದುರಿನವನೂ ಹಾಗೆಯೇ ಮಾಡಿಕೊಳ್ಳುತ್ತಿರಬೇಕು, ಆ ಸುಳಿಯನ್ನು ಹೇಗೆ ನಿಭಾಯಿಸುತ್ತಾನೋ ಎಂಬ ಯೋಚನೆ ಪ್ರತಿ ಸಲವೂ ಬರುತ್ತಿತ್ತು. ಬಂದದ್ದನ್ನು ನೊರೆಯ ಜೊತೆಗೇ ಒರೆಸಿ ಹಾಕುತ್ತಿದ್ದ.

ಎರಡನೇ ವರ್ಷ ಎದುರು ಬದಿಯಲ್ಲಿ ಏನೋ ಬದಲಾಯಿತು. ತಂತಿ ತುಂಬ ಟವೆಲು, ಆದರೆ ಒಳಗೆ ಹೋಗುವವರು ಕಡಿಮೆ. ಬಾಗಿಲು ಸದಾ ಹಾರುಹೊಡೆದಿರುತ್ತಿತ್ತು. ತಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಈ ಕಡೆಗೇ ನೋಡುತ್ತ ಕೂತಿರುತ್ತಿದ್ದ. ಸೇನಾಪತಿಗೆ ಓದಲು ಬರದ ಪಾಠವೇ ಅದು? "ಖಾಲಿ ಕೋಟೆ! ನಾನು ಕಲಿಸಿದ ವಿದ್ಯೆ ನನಗೇ ತೋರಿಸ್ತಿದಾನೆ," ಎಂದು ಹೆಂಡತಿಗೆ ಹೇಳಿದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಒಂದು ಬೆಳಿಗ್ಗೆ ತಮ್ಮನ ಹೆಂಡತಿ ರಸ್ತೆ ದಾಟಿ ಬಂದಳು. ಹೊಸ್ತಿಲಲ್ಲೇ ನಿಂತಳು.

"ಭಾವ, ಅವರು ನಿಮ್ಮನ್ನ ಕರೀತಿದಾರೆ. ಒಂದ್ಸಲ ಬಂದು ಅವರ ಗಡ್ಡ ಮಾಡ್ಕೊಡ್ಬೇಕಂತೆ."

ಅಣ್ಣನ ಎದೆ ಒಮ್ಮೆ ಕುಣಿಯಿತು. ಕತ್ತಿಯ ಕಡೆ ಕೈಯೂ ಹೋಯಿತು. ಆದರೆ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಇಬ್ಬರ ಕಿವಿಯೂ ನೆಟ್ಟಗಾಗಿತ್ತು. ಬೀದಿಯ ಮುಂದೆ ಕತ್ತಿ ಹಿಡಿದು ಅವನ ಅಂಗಡಿಗೆ ಹೋದರೆ, ಅಣ್ಣ ತಮ್ಮನ ಹತ್ತಿರ ಕೆಲಸಕ್ಕೆ ಸೇರಿದ ಎಂದು ಸಂಜೆಯೊಳಗೆ ಸುದ್ದಿ.

"ಯಾಕಮ್ಮ, ಅವನಿಗೇನು ಕೈ ಇಲ್ವಾ?"

ಅವಳು ಏನೋ ಹೇಳಲು ಬಾಯಿ ತೆರೆದಳು. ಗಿರಾಕಿಗಳನ್ನು ನೋಡಿ ಮುಚ್ಚಿದಳು. "ನೀವೇ ಬಂದು ನೋಡಿ ಭಾವ," ಎಂದಷ್ಟೇ ಅಂದಳು.

"ಇಲ್ಲೂ ಕುರ್ಚಿ ಖಾಲಿ ಇದೆ. ಬೇಕಾದ್ರೆ ಅವನೇ ಬರ್ಲಿ ಅಂತ ಹೇಳು."

ಅವಳು ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಮುಂದಿನ ಸಲ ಮೇಷ್ಟ್ರು ಬಂದಾಗ, ಅವರ ಕೆನ್ನೆಗೆ ನೊರೆ ಹಚ್ಚುತ್ತ ಕೇಳಿದ: "ಸಾರ್, ವರ್ಷಗಟ್ಟಲೆ ಜಗಳಾಡಿದ ಎದುರಾಳಿ ಇದ್ದಕ್ಕಿದ್ದ ಹಾಗೆ ಮೆತ್ತಗೆ ಮಾತಾಡಿದ್ರೆ ಏನರ್ಥ?"

"ಮೆತ್ತಗಾದವನ ಮೇಲೇ ಎರಡು ಕಣ್ಣಿಡಬೇಕು," ಎಂದರು ಮೇಷ್ಟ್ರು, ತಮ್ಮ ವಿಷಯ ಸಿಕ್ಕಿದ ಸಂತೋಷದಲ್ಲಿ. "ನಯವಾದ ಮಾತಿನ ಹಿಂದೆ ಪಡೆ ಸಜ್ಜಾಗ್ತಿರುತ್ತೆ. ಯಾರು, ಪಕ್ಕದ ಬೀದಿಯೋರಾ?"

"ಹೌದು ಸಾರ್," ಎಂದ ಅಣ್ಣ. ತಮ್ಮ ಎನ್ನಲಿಲ್ಲ. ಆ ಒಂದು ಮಾತು ಹೇಳಿದ್ದರೆ ಮೇಷ್ಟ್ರು ಏನನ್ನುತ್ತಿದ್ದರೋ. ಅವರೂ ಅಣ್ಣತಮ್ಮಂದಿರ ನಡುವೆ ಹುಟ್ಟಿದವರೇ.

ಅದಾದ ಮೇಲೆ ಒಂದು ಸಂಜೆ ತಮ್ಮ ಬಾಗಿಲಲ್ಲಿ ಕೂತವನು ಬಲಗೈ ಎತ್ತಿ ಈ ಕಡೆ ಬೀಸಿದ. ಕೈ ಮೇಲೇ ನಿಂತು ಅಲ್ಲಾಡುತ್ತಲೇ ಇತ್ತು, ನಿಲ್ಲಲೇ ಇಲ್ಲ. ಸಣ್ಣ ಮಕ್ಕಳಿಗೆ ಟಾಟಾ ಮಾಡಿದ ಹಾಗೆ. ಅಣಕಿಸುತ್ತಿದ್ದಾನೆ ಎಂದುಕೊಂಡ ಅಣ್ಣ. ಎದ್ದು ಹೋಗಿ ಕಿಟಕಿಯ ಪರದೆ ಎಳೆದ.

ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ಒಬ್ಬರ ಕ್ರಾಪು ಅರ್ಧ ಆಗಿತ್ತು. ತಮ್ಮನ ಹೆಂಡತಿ ಚಪ್ಪಲಿಯಿಲ್ಲದೆ ರಸ್ತೆ ದಾಟಿ ಓಡಿಬಂದಳು. ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಭಾವನ ತೋಳು ಹಿಡಿದು ಎಳೆದಳು. ಆತ ಕೈಯಲ್ಲಿದ್ದ ಕತ್ತರಿಯ ಸಮೇತ ಓಡಿದ.

ತಮ್ಮ ತನ್ನ ತಿರುಗುವ ಕುರ್ಚಿಯಲ್ಲಿ ಒರಗಿದ್ದ. ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ ಎಂದು ಹೇಳಿ, ಅಂಗಡಿಯಿಂದ ಹೊರಗೆ ಹೋಗಿ ನಿಂತರು. ಜನ ಸೇರಿದರು, ಅಣ್ಣನ ಹೆಂಡತಿಯೂ ಓಡಿಬಂದಳು. ಎತ್ತಿ ಮನೆಗೆ ಒಯ್ಯೋಣ ಎಂದರು ಯಾರೋ.

"ತಡೀರಿ," ಎಂದ ಅಣ್ಣ. "ಗಡ್ಡ ಬಂದಿದೆ ಅವನಿಗೆ. ಹೀಗೇ ಹೇಗೆ ಕಳಿಸೋದು?"

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲನ್ನು ಅರ್ಧ ಎಳೆದ. ಒಳಗೆ ಉಳಿದದ್ದು ಇಬ್ಬರು ಓರಗಿತ್ತಿಯರು ಮತ್ತು ಇವರಿಬ್ಬರು. ಹೊರಗಿನ ತಂತಿಯಿಂದ ಒಂದು ಟವೆಲು ತಂದು ಬಿಡಿಸಿದ. ಒದ್ದೆಯಾಗಿತ್ತು, ಆದರೆ ಬೀರುವಿನ ಮಡಿಕೆ ಇನ್ನೂ ಗೆರೆಗೆರೆಯಾಗಿ ಹಾಗೆಯೇ ಇತ್ತು. ಒಂದು ಕೂದಲಿಲ್ಲ, ಸೋಪಿನ ವಾಸನೆಯಿಲ್ಲ. ಆತ ಅದನ್ನು ತಮ್ಮನ ಕುತ್ತಿಗೆಗೆ ಸುತ್ತಿ, ಹಣೆಯ ಮೇಲಿನ ಕೂದಲು ಸರಿಸಿ, ದೀಪ ಹಾಕಿದ.

ಆಗ ಮುಖ ಕಂಡಿತು.

ಕೆನ್ನೆ ತುಂಬ ಗಾಯ. ಕೆಲವು ಹಳೆಯವು, ಕೆಲವು ಹೊಸತು, ಕೆಲವಕ್ಕೆ ಪಟಿಕ ಒತ್ತಿದ ಬಿಳಿ ಗುರುತು. ತುಟಿಯ ಪಕ್ಕದಲ್ಲೊಂದು ಆಳದ ಗೀರು. ಒಂದು ಕಡೆ ಕೆರೆದು ಇನ್ನೊಂದು ಕಡೆ ಬಿಟ್ಟ ಕೂದಲು. ದವಡೆಯ ಕೆಳಗಿನ ಸುಳಿಯನ್ನಂತೂ ಕತ್ತಿ ಮುಟ್ಟಿರಲೇ ಇಲ್ಲ. ಅಲ್ಲಿ ಬಹಳ ದಿನದ ಗಡ್ಡ ಒಂದು ಗೊಂಚಲಾಗಿ ಬೆಳೆದುಕೊಂಡಿತ್ತು.

"ಕೈ ನಡುಗ್ತಿತ್ತು ಭಾವ," ಎಂದಳು ತಮ್ಮನ ಹೆಂಡತಿ. "ಆರು ತಿಂಗಳಾಯ್ತು. ಲೋಟ ಕೂಡ ಎತ್ತೋಕಾಗ್ತಿರಲಿಲ್ಲ. ಕೈ ಹೋದ ಕ್ಷೌರದವನ ಹತ್ರ ಯಾರು ಗಂಟಲು ಕೊಡ್ತಾರೆ, ಯಾರಿಗೂ ಹೇಳ್ಬೇಡ ಅಂದಿದ್ರು. ಬೇರೆಯವರ ಹತ್ರ ಗಡ್ಡ ಮಾಡಿಸ್ಕೊಳ್ಳಿ ಅಂದ್ರೆ ಒಪ್ಪಲಿಲ್ಲ. ಅಣ್ಣ ಬರ್ತಾನೆ, ಬಾಗಿಲು ಹಾಕ್ಬೇಡ ಅಂತಿದ್ರು."

ಬೀದಿಯ ಅತ್ತ ಕಡೆ ಇದ್ದದ್ದು ಕೋಟೆಯಲ್ಲ, ಕಾಯುತ್ತ ಕೂತಿದ್ದ ಒಂದು ಜೀವ. ಬಾಗಿಲು ತೆರೆದಿಟ್ಟದ್ದು ಅಣ್ಣ ಬರಲೆಂದು. ಅಣ್ಣನಿಗೆ ಅಲ್ಲೇ ಕುಸಿದು ಅಳಬೇಕೆನ್ನಿಸಿತು. ಅಳಲಿಲ್ಲ; ಗಡ್ಡ ಬಾಕಿ ಇತ್ತು.

ಬಿಸಿನೀರು ಕೇಳಿದ. ಬ್ರಷ್ಷು ತಿರುವಿದ. ಗಾಯವಿದ್ದ ಕಡೆಯಲ್ಲೆಲ್ಲ, ಉರಿಯುತ್ತದೇನೋ ಎಂಬಂತೆ, ನೊರೆಯನ್ನು ಬೆರಳಿನಿಂದ ಮೆಲ್ಲಗೆ ಹಚ್ಚಿದ. ಬಲಗೆನ್ನೆ, ಎಡಗೆನ್ನೆ, ಗದ್ದ. ಕೊನೆಗೆ ಸುಳಿ. ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದು, ಕತ್ತಿಯನ್ನು ಕೆಳಗಿನಿಂದ ಮೇಲಕ್ಕೆ ಒಯ್ದ. ಒಂದು ಗೀರೂ ಬೀಳಲಿಲ್ಲ. ತಮ್ಮ ಆಸೆಪಟ್ಟಿದ್ದ ದೊಡ್ಡ ಕನ್ನಡಿಯಲ್ಲಿ ಅಣ್ಣತಮ್ಮಂದಿರಿಬ್ಬರೂ ಪೂರ್ತಿಯಾಗಿ ಕಾಣುತ್ತಿದ್ದರು. ಹಳೇ ಕನ್ನಡಿಯಲ್ಲಿ ಒಬ್ಬನ ಭುಜ ಯಾವಾಗಲೂ ಕಪ್ಪು ಮೂಲೆಗೆ ಸಿಕ್ಕಿಕೊಳ್ಳುತ್ತಿತ್ತು.

ಮುಖ ಒರೆಸಿ, ಪಟಿಕ ಸವರಿ, ಟವೆಲು ಬಿಚ್ಚಿ ಕೊಡವಿದ. ಆಮೇಲೆ ಅದೇ ಟವೆಲನ್ನು ತನ್ನ ಕುತ್ತಿಗೆಗೆ ಸುತ್ತಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತ. ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿ ಗದ್ದ ಎತ್ತಿದ. ಆತನ ಹೆಂಡತಿ ಭುಜ ಮುಟ್ಟಿ "ಏಳಿ" ಎಂದಳು. ಆತ ಏಳಲಿಲ್ಲ.

"ನಿಂದಾಯ್ತಲ್ಲೋ," ಎಂದ ತಮ್ಮನಿಗೆ. "ಏಳು ಮತ್ತೆ. ಈಗ ನಂದು ಮಾಡು."