ಮುನ್ನೂರ ಹದಿಮೂರು ದಿನಗಳ ಸೈದಪ್ಪ

ಬೆಳಗಿನ ಐದೂವರೆ. ಭೀಮಾ ದಂಡೆಯ ಊರೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸೈದಪ್ಪ ಎರಡು ಉದ್ದನೆಯ ಕಾಗದ ಹಾಸಿಕೊಂಡು ನೆಲದ ಮೇಲೆ ಕುಳಿತಿದ್ದಾರೆ. ಒಂದರ ಮೇಲೆ ಎಡಗೈ ಬೆರಳು, ಇನ್ನೊಂದರ ಮೇಲೆ ಬಲಗೈ ಬೆರಳು. ಎರಡೂ ಒಟ್ಟೊಟ್ಟಿಗೆ ಕೆಳಗಿಳಿಯುತ್ತವೆ.

ಕೋಣೆಯಲ್ಲಿ ಹಳೆಯ ಯಂತ್ರವೊಂದು, ಹೋದ ವಾರ ಬಂದದ್ದೊಂದು. ಯಾವ ಫೋನು ಯಾವುದರ ಜೊತೆ ಮಾತಾಡಬಹುದು ಎಂದು ಗುಂಪು ಮಾಡಿದ ಪಟ್ಟಿ ಎರಡರಲ್ಲೂ ಇದೆ; ನೆಲದ ಮೇಲಿನ ಕಾಗದಗಳು ಆ ಪಟ್ಟಿಗಳೇ. 'ಗುಂಪು ಮೂರು' ಎಂಬ ಹೆಸರು ಎರಡು ಕಡೆಯೂ ಇದ್ದು, ಒಳಗಿನ ನಂಬರುಗಳು ಬೇರೆಯಾದರೆ ಯಂತ್ರಗಳು ಒಂದನ್ನೊಂದು ಒಪ್ಪುವುದಿಲ್ಲ. ಅರ್ಧ ಊರಿಗೆ ಇನ್ನರ್ಧ ಊರು ಸಿಗುವುದಿಲ್ಲ. ನಿನ್ನೆಯಿಂದ ದವಾಖಾನೆಯೂ ಯಾರಿಗೂ ಸಿಕ್ಕಿಲ್ಲ.

"ಮಂದಿ ಮದಲ ತಂತಿ ಜಗ್ತಾರ್ರಿ," ಎನ್ನುತ್ತಾರೆ ಸೈದಪ್ಪ. "ತಂತೀದೇನ್ ತಪ್ಪಿರ್ತದ? ಪಟ್ಟಿ ನೋಡ್ಬೇಕು. ಯಾವ ಪಟ್ಟಿ ಖರೇ ಅಂತ ಮಷೀನಿಗಿ ತಿಳಿಯಂಗಿಲ್ಲ. ಊರು ಬಲ್ಲವ್ರೇ ಹೇಳ್ಬೇಕು."

ನಲವತ್ತೇಳನೇ ಸಾಲಿನಲ್ಲಿ ಬೆರಳುಗಳು ನಿಲ್ಲುತ್ತವೆ. ಹಳೆಯ ಪಟ್ಟಿಯಲ್ಲಿ ದವಾಖಾನೆ ಇರುವ ಜಾಗದಲ್ಲಿ ಹೊಸ ಪಟ್ಟಿ ಹತ್ತಿ ಗಿರಣಿಯನ್ನು ಕೂರಿಸಿದೆ. ಸೈದಪ್ಪ ಹೊಸ ಯಂತ್ರದಲ್ಲಿ ಅದನ್ನು ತಿದ್ದಿ, ಫೋನು ತಿರುಗಿಸುತ್ತಾರೆ. ಎತ್ತಿದವರು ನರ್ಸ್ ಸಕ್ಕುಬಾಯಿ.

"ಯಾರ್ರೀ ಇಷ್ಟು ನಸಕಿನ್ಯಾಗ?"

"ನಾ ಸೈದಪ್ಪ ಇದ್ದೇನಕ್ಕಾ. ಕೇಳ್ತದೇನು?"

"ಕೇಳ್ತದಪ್ಪೋ! ಕೋಳಿಗಿ ನಿದ್ದಿ ಹತ್ತಿದ್ರೂ ನಿನಗ ಹತ್ತಂಗಿಲ್ಲ ನೋಡು."

ಸೈದಪ್ಪ ನಗುತ್ತಾರೆ. ಇಡೀ ಬೆಳಗಿನಲ್ಲಿ ಅದೊಂದೇ ನಗು.

ಗೊಬ್ಬೂರದ ಈ ಮನುಷ್ಯ ಕಂಬದ ಗುಂಡಿ ತೋಡಲು ಸೇರಿದ್ದು ೧೯೭೮ರಲ್ಲಿ. ಹದಿನೇಳು ವರ್ಷವಾದರೂ ದಿನಗೂಲಿ ತಪ್ಪಿಲ್ಲ. ಹೊಳೆಯ ಈಚೆ ಅಫಜಲಪುರದ ಕಡೆ ಫೋನು ಕೆಟ್ಟರೂ ಇವರೇ, ಆಚೆ ಜೇವರ್ಗಿಯ ಕಡೆ ಕೆಟ್ಟರೂ ಇವರೇ. ರೊಟ್ಟಿ ಕಟ್ಟುವ ಮುಂಚೆ ಹೆಂಡತಿ ಚಂದಮ್ಮ ಕೇಳುವುದು ಒಂದೇ ಮಾತು: "ಇವತ್ತು ಈಚಿಗೋ, ಆಚಿಗೋ?"

ಆ ಓಡಾಟವೇ ಈಗ ಮುಳುವಾಗಿದೆ. ದಿನಗೂಲಿಯವರನ್ನು ಕಾಯಂ ಮಾಡುವ ಆದೇಶ ಈ ವರ್ಷ ಬಂತು. ಷರತ್ತು ಒಂದೇ: ವರ್ಷದಲ್ಲಿ ಇನ್ನೂರ ನಲವತ್ತು ದಿನದ ಹಾಜರಿಯನ್ನು ಒಂದೇ ಕಚೇರಿ ತೋರಿಸಬೇಕು. ಸೈದಪ್ಪನವರದು ಈಚೆಯ ಕಚೇರಿಯಲ್ಲಿ ನೂರ ಎಪ್ಪತ್ತೊಂದು, ಆಚೆಯ ಕಚೇರಿಯಲ್ಲಿ ನೂರ ನಲವತ್ತೆರಡು. ಇವನು ನಿಮ್ಮವನು ಎಂದು ಒಂದು ಕಚೇರಿ ಬರೆಯಿತು. ಅಲ್ಲ, ನಿಮ್ಮವನೇ ಎಂದು ಇನ್ನೊಂದು.

"ಎರಡೂ ಹಾಜರಿಪಟ್ಟಿ ಒಂದೇ ಮೇಜಿನ ಮ್ಯಾಲ ಇಡ್ರಿ, ಜೋಡಿಸೂದು ನಾ ಜೋಡಿಸ್ತೇನಿ ಅಂದೆ," ಎನ್ನುತ್ತಾರೆ. "ಹಂಗ ಇಡೂ ರೂಲ್ ಇಲ್ಲ ಅಂದ್ರು ಸಾಹೇಬ್ರು."

ಅರ್ಜಿಯ ಕೊನೆಯ ದಿನ ಹೋದ ಸೋಮವಾರವೇ ಮುಗಿದಿದೆ. ಹೊಸ ಯಂತ್ರವನ್ನು ಇನ್ನು ಮೇಲೆ ಕಲಬುರಗಿಯಲ್ಲಿ ಕುಳಿತೇ ತಿದ್ದುತ್ತಾರಂತೆ. ಮಾರ್ಚ್ ನಂತರ ಬರುವುದು ಬೇಡ ಎಂದು ಎರಡೂ ಕಚೇರಿಗಳು ಹೇಳಿವೆ. ಅವು ಒಪ್ಪಿದ್ದು ಅದೊಂದು ಮಾತಿಗೆ ಮಾತ್ರ.

ಇನ್ನೇನು ಆಸೆ ಎಂದು ಕೇಳಿದರೆ ಸೈದಪ್ಪ ಎರಡೂ ಕಾಗದ ಒಂದರ ಮೇಲೊಂದಿಟ್ಟು ಮಡಚುತ್ತಾರೆ.

"ನೌಕ್ರಿ ಆಸೆ ಬಿಟ್ಟೇನ್ರಿ. ನನ್ನ ಮುನ್ನೂರ ಹದಿಮೂರು ದಿನ ಒಂದೇ ಹಾಳಿ ಮ್ಯಾಲ ಬರ್ದು, ಒಬ್ರು ಯಾರರೆ ಸಹಿ ಮಾಡಿ ಕೊಟ್ರ ಸಾಕು. ಚಂದಮ್ಮಗ ಓದ್ಲಿಕ್ಕಿ ಬರ್ದಿದ್ರೂ ಅಕಿಗಿ ತೋರಸ್ತಿದ್ದೆ."