ಮುದ್ರೆಯೊತ್ತಿದ ಬ್ರೆಡ್ಡು

ಇವತ್ತು ಡ್ಯಾನ್‌ವಿಲ್‌ನ ಮಗಳ ಮನೆಯಲ್ಲಿ ಬ್ರೆಡ್ಡು ಬೇಯುವ ವಾಸನೆ ಬಂತು. ತಕ್ಷಣ ನನಗೆ ಅನುಮಾನ. ಮೊಟ್ಟೆ ಹಾಕಿದ್ದಾಳೋ ಏನೋ! ನಗಬೇಡಿ, ಮೈಸೂರಿನಿಂದ ಅಮೆರಿಕಕ್ಕೆ ಬರುವಾಗ ನಾನು ಧಾರಾಳವಾಗಿ ತಂದ ಸಾಮಾನು ಈ ಅನುಮಾನವೊಂದೇ.

ಎಂಬತ್ತರ ದಶಕದಲ್ಲಿ ಮಿಲ್ಪಿಟಾಸಿಗೆ ಹೊಸದಾಗಿ ಬಂದಾಗ ಪಕ್ಕದ ಮನೆಯಲ್ಲಿ ಪಿಯೆತ್ರೊ ಎಂಬ ಒಂಟಿ ಮುದುಕನಿದ್ದ. ಇಟಲಿಯ ಯಾವುದೋ ಬೆಟ್ಟದ ತುದಿಯ ಹಳ್ಳಿಯವನು. ಬೇಲಿಯಾಚೆ ನಿಂತು ಊರಿನ ಕಥೆ ತೆಗೆದನೆಂದರೆ ಮುಗಿಯಿತು. ಕಡಲಿನಿಂದ ಬರುವ ದರೋಡೆಕೋರರಿಗೆ ಹೆದರಿ ಅವರ ಹಿರಿಯರು ಬೆಟ್ಟ ಹತ್ತಿ ಕಲ್ಲಿನ ಮನೆ ಕಟ್ಟಿದರಂತೆ. ನೀರು ಕತ್ತೆಯ ಬೆನ್ನ ಮೇಲೆ ಬರುತ್ತಿತ್ತಂತೆ. ನೀರಿಲ್ಲದ ಕಡೆ ಯಾರಾದರೂ ಊರು ಕಟ್ಟುತ್ತಾರೆಯೇ? ಬರೀ ಬುರುಡೆ ಎಂದುಕೊಂಡೆ.

ಪ್ರತಿ ಶನಿವಾರ ಒಂದು ಬ್ರೆಡ್ಡು ತಂದುಕೊಡುತ್ತಿದ್ದ. ಅದರ ಮೇಲೊಂದು ವೃತ್ತ, ಒಳಗೆ ಮೂರು ಗೆರೆ. ಮೊದಲ ಸಲ ಅದನ್ನು ನೋಡಿದ್ದೇ ನನ್ನವರನ್ನು ಕರೆದೆ.

"ರೀ, ಇದು ಮಾಟಾನೇ! ತಿನ್ನೋದ್ರ ಮೇಲೆ ಯಾಕ್ರೀ ಮಂಡಲ ಬರೀತಾನೆ? ಹಂದಿ ಕೊಬ್ಬು ಬೇರೆ ಹಾಕಿರ್ತಾನೆ."

"ಸುಮ್ನಿರೇ, ನಿಂಗೆ ಎಲ್ಲದ್ರ ಮೇಲೂ ಡೌಟು," ಎಂದರು ನನ್ನವರು. ಆದರೆ ಅವರೂ ತಿನ್ನಲಿಲ್ಲ, ನೋಡಿ!

"ತುಂಬಾ ಚೆನ್ನಾಗಿತ್ತು" ಎಂದು ಅವನಿಗೆ ಹೇಳುತ್ತಾ, ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕುತ್ತಾ ಬಂದೆ.

ಒಂದು ಬೆಳಗ್ಗೆ ನೋಡಿದರೆ, ರಾತ್ರಿ ರಕೂನು ಎಂಬ ಕಾಡುಪ್ರಾಣಿ ನಮ್ಮ ಕಸದ ಚೀಲ ಹರಿದುಹಾಕಿತ್ತು. ಪಿಯೆತ್ರೊ ಬೀದಿಯಲ್ಲಿ ಬಗ್ಗಿ, ತನ್ನದೇ ಬ್ರೆಡ್ಡಿನ ಮಣ್ಣು ಒರೆಸುತ್ತಿದ್ದ. ನಾಚಿಕೆಯಿಂದ ಭೂಮಿಗಿಳಿದುಹೋದೆ.

"ಬ್ರೆಡ್ಡು ಬೇಯಿಸಲು ನಮ್ಮೂರಿಗೆಲ್ಲ ಒಂದೇ ಒಲೆ," ಎಂದ ಮೆಲ್ಲಗೆ. "ಅದಲುಬದಲಾಗದಿರಲಿ ಅಂತ ಮನೆಗೊಂದು ಮರದ ಮುದ್ರೆ. ಇದು ನಮ್ಮಮ್ಮನದು. ಬೀದಿಗೆ ಹೊಸಬರು ಬಂದರೆ ನಮ್ಮ ಮುದ್ರೆಯ ಬ್ರೆಡ್ಡು ಕೊಡುತ್ತಿದ್ದೆವು. ಇನ್ನು ನೀವು ನಮ್ಮವರು ಅಂತ."

"ನಾವು ಮಾಂಸ ತಿನ್ನುವವರಲ್ಲ, ಅದಕ್ಕೇ..." ತೊದಲಿದೆ.

"ಗೊತ್ತು. ನಿನ್ನ ಗಂಡ ಮೊದಲ ದಿನವೇ ಹೇಳಿದ್ದ. ನನ್ನದಕ್ಕೆ ಹಂದಿ ಕೊಬ್ಬು. ನಿಮ್ಮದಕ್ಕೆ ಆಲಿವ್ ಎಣ್ಣೆ. ಪಾತ್ರೆಯೂ ಬೇರೆ. ನಿಮ್ಮದನ್ನೇ ಮೊದಲು ಬೇಯಿಸುತ್ತೇನೆ."

ಆಮೇಲೆ ಬ್ರೆಡ್ಡು ಬರಲಿಲ್ಲ. ಕ್ಷಮೆ ಕೇಳಲು ಎರಡು ಸಲ ಅವನ ಬಾಗಿಲವರೆಗೆ ಹೋಗಿ, ಬೆಲ್ ಒತ್ತಲಾಗದೆ ವಾಪಸು ಬಂದೆ. ಮೂರನೆಯ ಸಲ ಹೋದಾಗ ಮನೆ ಖಾಲಿಯಾಗಿತ್ತು. ತಂಗಿಯ ಹತ್ತಿರ ಹೋದನೆಂದು ಎದುರು ಮನೆಯವರು ಹೇಳಿದರು. ಆ ಸಂಕಟ ಇಂದಿಗೂ ಹೋಗಿಲ್ಲ.

ಈಗ ಮಗಳು ಬ್ರೆಡ್ಡಿನ ತಟ್ಟೆ ತಂದಳು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಅಮ್ಮಾ, ನೋ ಎಗ್ಸ್. ಐ ಪ್ರಾಮಿಸ್."

ಹೊಟ್ಟೆಯಲ್ಲಿ ಹುಟ್ಟಿದವಳೂ ನನ್ನ ಮುಂದೆ ಆಣೆ ಇಡುವುದನ್ನು ಕಲಿತಿದ್ದಾಳೆ.